ಹಲ್ಲಿನಲ್ಲಿ ದಾರ ಕಡಿಯುವವಳು

ಬೀದಿಯವರು ಅವಳನ್ನು ಕತ್ತರಿಯಮ್ಮ ಎನ್ನುತ್ತಿದ್ದರು. ಕತ್ತರಿ ಮುಟ್ಟುತ್ತಿದ್ದುದು ಬಟ್ಟೆ ಕತ್ತರಿಸಲು ಮಾತ್ರ; ಹೊಲಿಗೆ ಮುಗಿದಾಗ ದಾರ ಕಡಿಯಲು ಹಲ್ಲೇ ಬೇಕು. ಹರೆಯದಿಂದಲೂ ಅದೇ ಚಾಳಿ. ಮುಂದಿನ ಹಲ್ಲು ಸವೆದು ವಾರೆಯಾಯಿತು, ದವಡೆಯ ಹಲ್ಲು ಒಂದೊಂದಾಗಿ ಬಿದ್ದವು, ಉಳಿದವುಗಳಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ನುಂಗುತ್ತ, "ಅಗೀತಾ ಕೂರೋಕೆ ನಾನೇನು ಎಮ್ಮೆಯಾ?" ಎನ್ನುತ್ತಿದ್ದಳು.

ಗಿರಾಕಿಗಳ ಅಳತೆಯನ್ನು ಅವಳು ಎಂದೂ ಬರೆದಿಟ್ಟವಳಲ್ಲ. ಎಲ್ಲ ತಲೆಯಲ್ಲೇ ಎಂಬ ಜಂಬ. ಆ ತಲೆಯೇ ಒಂದು ದಿನ ಕೈಕೊಟ್ಟಿತು. ಆಸ್ಪತ್ರೆಯ ನರ್ಸಮ್ಮನ ಬಿಳಿ ಕೋಟಿಗೆ ಒಂದು ತೋಳು ಕತ್ತರಿಸಿ, ಚಹಾ ಕುಡಿದು ಬಂದು, ಬಟ್ಟೆ ಮಗುಚದೆ ಅದೇ ತೋಳನ್ನು ಮತ್ತೆ ಕತ್ತರಿಸಿದಳು. ಎರಡೂ ಎಡಗೈಯವು.

"ಬಟ್ಟೇನೇ ಸರಿಯಿಲ್ಲ," ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು.

"ಹೌದತ್ತೆ, ಬಟ್ಟೆಗೆ ಅರಳು ಮರಳು," ಎಂದಳು ಸೊಸೆ. ಗುಂಡಿತೂತಿಗೆ ಕಾಜಾ ಹೊಲಿದೇ ಹಣ್ಣಾದ ಅವಳ ಕಣ್ಣು ದೊಡ್ಡ ಕತ್ತರಿಯ ಮೇಲಿತ್ತು. "ಇನ್ನೊಂದು ಹಾಳಾದ್ರೆ ಕಟಿಂಗ್ ನಂದು. ನೀವು ಗುಂಡಿ ಹಾಕ್ತಾ ಕೂತ್ಕೊಳ್ಳಿ."

ಗುಂಡಿ ಹಾಕುವುದು! ಅದಕ್ಕಿಂತ ಸಾಯುವುದು ಮೇಲು ಎನಿಸಿತು ಕತ್ತರಿಯಮ್ಮನಿಗೆ. ಅಗಿಯದೆ ನುಂಗಿದರೆ ಮರೆವು ಬರುತ್ತದೆಂದು ನರ್ಸಮ್ಮ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಾಗ ಅವಳು ಸುಮ್ಮನೆ ಹೋದದ್ದು ಆ ಭಯಕ್ಕೆ.

"ಸರಿಯಾಗಿ ಅಗಿಯದಿದ್ರೆ ವಯಸ್ಸಾದ ಮೇಲೆ ನೆನಪು ಬೇಗ ಮಂಕಾಗಬಹುದು ಅಂತಾರೆ," ಎಂದರು ಡಾಕ್ಟರು. "ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಹಲ್ಲು ಕೂಡಿಸ್ತೀನಿ, ನೆನಪಿಗೆ ಗ್ಯಾರಂಟಿ ಕೊಡಲ್ಲ."

"ಅಳತೆ ತಪ್ಪಿದ್ರೆ ನಾನು ಬಿಚ್ಚಿ ಹೊಲಿದುಕೊಡ್ತೀನಿ. ನೀವು?"

"ನಾನೂ ಅಷ್ಟೇ. ಬಾಯಿ ತೆಗೀರಿ."

ಹೊಸ ಹಲ್ಲು ಕೂತಿತು, ಅಗಿಯಲೂ ಕಲಿತಳು. ನೆನಪು ಪೂರಾ ಮರಳಿತೆಂದು ಬೀದಿಯೆಲ್ಲ ಸಾರಿದಳು. ಎಷ್ಟು ಮರಳಿತೋ ಅವಳಿಗೇ ತಿಳಿಯದು. ಎಡಬಲ ಮರೆಯದಿರಲೆಂದು ಕತ್ತರಿಸಿದ ತೋಳಿನ ಮೇಲೆ ಸೊಸೆಗೆ ಕಾಣದಂತೆ ಸೀಮೆಸುಣ್ಣದ ಗೀಟು ಎಳೆಯುವುದನ್ನಂತೂ ಬಿಡಲಿಲ್ಲ.

ನರ್ಸಮ್ಮನ ಎರಡನೆಯ ಕೋಟು ಮೈಗೆ ಸರಿಯಾಗಿ ಕೂತಿತು. ಒಂದು ಎಡತೋಳು, ಒಂದು ಬಲತೋಳು. ಕಳಚಿ ಮೇಜಿನ ಮೇಲಿಟ್ಟ ಕೋಟಿನ ಎರಡೂ ತೋಳನ್ನು ಸೊಸೆ ತಿರುವಿ ನೋಡಿದಳು.

"ಕತ್ತರಿ ಯಾರದ್ದು, ಈಗ ಹೇಳೇ," ಎನ್ನುತ್ತ ಅತ್ತೆ ಕಾಲರಿನಲ್ಲಿ ಉಳಿದಿದ್ದ ದಾರಕ್ಕೆ ಬಾಯಿ ಹಾಕಿ ಜಗ್ಗಿದಳು. ಮುಂದಿನ ಹೊಸ ಹಲ್ಲು ಕಿತ್ತುಬಂದು ಮೇಜಿನ ಮೇಲೆ ಉರುಳಿತು.

ಸೊಸೆ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಗುಂಡಿ ಥರ ಇದಕ್ಕೆ ತೂತಿಲ್ವಲ್ಲ ಅತ್ತೆ, ಹೆಂಗೆ ಹೊಲೀಲಿ?"

ದೊಡ್ಡ ಕತ್ತರಿ ಅತ್ತೆಯ ಮುಷ್ಟಿಯಲ್ಲೇ ಇತ್ತು. ದಾರ ಕಡಿಯಲು ಅದು ಸಾಕಾಗಿತ್ತೆಂದು ಆಗಲೂ ಅವಳಿಗೆ ಹೊಳೆಯಲಿಲ್ಲ.