ಮಾದೇವಿ ಯಾವ ಊರಿನವಳು?

ಲಾತೂರಿಗೆ ರೈಲಿನಲ್ಲಿ ನೀರು ತಂದರಲ್ಲ, ಆ ಬೇಸಿಗೆಯ ಮಾತು. ಔರಾದ ಶಹಾಜನಿ ಹತ್ತಿರದ ನಮ್ಮ ಹಳ್ಳಿಗೂ ಟ್ಯಾಂಕರೇ ಗತಿಯಾಗಿತ್ತು. ನನ್ನ ನಾದಿನಿ ಮಾದೇವಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡನ ಊರು ಗಡಿಯಾಚೆ, ಕರ್ನಾಟಕದ ಬೀದರ ಜಿಲ್ಲೆ. ನನ್ನ ರೊಟ್ಟಿ ದಪ್ಪವೆಂದು ಅವಳು ಆಡಿಕೊಳ್ಳದ ದಿನವಿರಲಿಲ್ಲ. ಅವಳಿದ್ದರೆ ನನಗೂ ಆ ಮನೆ ಮನೆಯೆನಿಸುತ್ತಿತ್ತು.

ಒಂದು ದಿನ ಆರೋಗ್ಯ ಕೇಂದ್ರದ ಸಿಸ್ಟರ್ ಹೆಂಗಸರನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆದರು. ಊರಿನ ಆರೋಗ್ಯದ ಯೋಜನೆಯನ್ನು ಊರವರೇ ಮಾಡಬೇಕಂತೆ. ನೆಲದ ಮೇಲೆ ರಂಗೋಲಿಯಿಂದ ಊರಿನ ನಕಾಶೆ ಬರೆದು, ಬಸುರಿಯಿರುವ ಮನೆಯ ಮೇಲೆ ಅರಿಶಿನ ಹಚ್ಚಿದ ಜೋಳ ಇಡಬೇಕು. ಆ ಮನೆಗಳಿಗೆ ಸಿಸ್ಟರ್ ವಾರವಾರ ಬಂದು ಬಿಪಿ ನೋಡುತ್ತಾರೆ, ಟ್ಯಾಂಕರಿನ ನೀರೂ ಬಾಗಿಲಿಗೇ ಬರುತ್ತದೆ. ರಂಗೋಲಿಗೆ ಒಳ್ಳೆಯ ಕೈಯೆಂದು ಓಣಿಗಳನ್ನೆಲ್ಲ ಬರೆದವಳು ಮಾದೇವಿಯೇ.

ನಮ್ಮ ಮನೆಯ ಸರದಿ ಬಂದಾಗ ಅತ್ತೆ ಜೋಳ ಇಡಲಿಲ್ಲ.

"ಅತ್ತಿ, ಮಾದೇವಿದು ಇಡ್ರಿ," ಎಂದೆ.

"ಆಕಿ ಕೊಟ್ಟ ಹೆಣ್ಣು. ಈ ಊರಾಕಿ ಹ್ಯಾಂಗ ಆಗ್ತಾಳ? ಆಕೀ ಲೆಕ್ಕ ಗಂಡನ ಊರಾಗ," ಎಂದರು ಅತ್ತೆ.

ಕೊಟ್ಟ ಮಗಳನ್ನು ತವರಿನಲ್ಲಿ ಎಣಿಸಿದರೆ ಅವಳ ಸಂಸಾರಕ್ಕೆ ಒಳ್ಳೆಯದಲ್ಲವೆಂದು ನಮ್ಮ ಹಿರಿಯರ ನಂಬಿಕೆ. ಸಿಸ್ಟರ್ ಮರಾಠಿಯಲ್ಲಿ, "ತಿಕಡೆ ನಾವ್ ಆಹೇ ನಾ?" ಎಂದು ಕೇಳಿದರು. ಅಲ್ಲಿ ಹೆಸರು ಇದೆಯಲ್ಲ ಎಂದು. ಅತ್ತೆ ಹೂಂ ಎಂದರು. ಮಾದೇವಿಯೂ ನಕ್ಕಳು. "ಬಿಡ್ರಿ ವೈನಿ, ನಾ ಪಾವಣಿ. ನಾಕ ದಿನ ಇದ್ದು ಹೋಗಾಕಿ."

ಗಂಡನ ಊರಿನಲ್ಲಿ "ಆಕಿ ತವರಿಗೆ ಹೋಗ್ಯಾಳ" ಎಂದು ಬಸುರಿಯರ ಪಟ್ಟಿಯಿಂದ ಹೆಸರು ತೆಗೆದಿದ್ದರೆಂಬುದು ನಮಗೆ ಆಮೇಲೆ ಗೊತ್ತಾಯಿತು.

ಸಿಸ್ಟರ್ ಪಕ್ಕದ ಮನೆಗೆ ಬರುತ್ತಿದ್ದರು, ನಮ್ಮ ಬಾಗಿಲು ದಾಟಿ ಹೋಗುತ್ತಿದ್ದರು. ಮಾದೇವಿಯ ಕಾಲು ಬಾತವು. ಟ್ಯಾಂಕರಿಗೆ ನಿಂತು ನಿಂತು ಹಾಗಾಗಿದೆ ಎಂದುಕೊಂಡೆವು. ತಲೆನೋವೆಂದಳು, ಬಿಸಿಲಿಗೆ ಎಂದೆವು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಜೀಪಿನಲ್ಲಿ ನಿಲಂಗಾದ ಆಸ್ಪತ್ರೆಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲೇ ಜೀವ ಹೋಯಿತು. ಮಗುವೂ ಉಳಿಯಲಿಲ್ಲ. ಬಿಪಿ ಏರಿದ್ದು ಮೊದಲೇ ತಿಳಿದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಗಂಡನ ಮನೆಯವರು ಬಂದು ಪದ್ಧತಿಯಂತೆ ತಮ್ಮೂರಿಗೆ ಒಯ್ದು ಮಣ್ಣು ಮಾಡಿದರು.

ಕೆಲವು ದಿನಗಳ ಮೇಲೆ ಸಿಸ್ಟರ್ ಮನೆಗೆ ಬಂದರು. ಈ ಸಾವನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸಬೇಕೆಂದು ಕೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಮಾವ "ಗಂಡನ ಊರ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತರು.

"ನಮ್ಮೂರಾಗ ಬರೀರಿ. ಆಕಿ ನನ್ನ ಮಗಳು. ಈ ಮನ್ಯಾಕಿ."

ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಈಗಲೂ ಯಾರಾದರೂ ಬಂದು ಮನೆಯಲ್ಲಿ ಎಷ್ಟು ಜನರೆಂದು ಕೇಳಿದರೆ ಅವರು ಒಬ್ಬರನ್ನು ಹೆಚ್ಚು ಹೇಳುತ್ತಾರೆ. ನಾವ್ಯಾರೂ ತಿದ್ದುವುದಿಲ್ಲ.