ಡಿಸ್ಕ್ ಒರೆಸುವ ಶಂಭುಲಿಂಗ

ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಂಭುಲಿಂಗ, ಡಿಸ್ಕಿನಲ್ಲಿದ್ದದ್ದನ್ನೆಲ್ಲ ಒರೆಸಿ ಹೊಸ ವಿಂಡೋಸ್ ಹಾಕುವ ಮೊದಲು ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾನೆ. "ಫೋಟೊ ಅದಾವೇನ್ರಿ? ಮದುವಿ ವಿಡಿಯೊ? ಆಮ್ಯಾಲ ಅತ್ತರೂ ತಿರುಗಿ ಬರಂಗಿಲ್ಲ ನೋಡ್ರಿ!" ಅಣ್ಣತಮ್ಮಂದಿರ ಹೊಲ ಹಂಚಿದ ಹಾಗೆ ಡಿಸ್ಕನ್ನು ಅಳೆದು ಪಾಲು ಮಾಡುತ್ತಾನೆ. ಅಳಿಸುವ ಬಟನ್ನನ್ನು ಮಾತ್ರ ಗಿರಾಕಿಯೇ ಒತ್ತಬೇಕು. ಆಗ ಶಂಭುಲಿಂಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ತೀರಿಹೋದ ನಮ್ಮ ಯಜಮಾನರ ಕಂಪ್ಯೂಟರನ್ನು ಮೊಮ್ಮಗಳಿಗೆಂದು ಒಯ್ದು, "ಅದರಾಗ ಏನೂ ಇಲ್ಲಪ್ಪ, ಒರೆಸಿಬಿಡು" ಎಂದೆ. ಅವನು ನಂಬಲಿಲ್ಲ. ಎರಡು ದಿನ ಕೂತು, ಒಂದೊಂದೇ ಫೈಲ್ ತೆರೆದು ನೋಡಿ, ಯಜಮಾನರು ಹಾಡಿ ರೆಕಾರ್ಡ್ ಮಾಡಿಟ್ಟಿದ್ದ ಒಂದು ಭಜನೆಯನ್ನು ಹುಡುಕಿ ತೆಗೆದ. ಅದೊಂದಕ್ಕೇ ಡಿಸ್ಕಿನಲ್ಲಿ ಬೇರೆ ಪಾಲು ಮಾಡಿಟ್ಟ. "ನಡುನಡುವ ಕೆಮ್ಮು ಭಾಳ ಐತಿ ಅಮ್ಮಾ, ಕತ್ತರಿಸಿ ತೆಗೀಲೇನು?" ಎಂದು ಕೇಳಿದ. "ಬ್ಯಾಡಪ್ಪ," ಎಂದೆ. "ಕೆಮ್ಮೂ ಅವ್ರದ. ಇರ್ಲಿ ಬಿಡು."