ಜಿಲೇಬಿಗೆ ಎಷ್ಟು ದೊಡ್ಡ ಮನೆ?

ನಮ್ಮ ಹಜಾರದಲ್ಲಿ ಸೋಫಾದಷ್ಟು ಉದ್ದದ ಒಂದು ಗಾಜಿನ ಪೆಟ್ಟಿಗೆ ಕೂತಿದೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒದೆಯೋಣವೆಂದರೆ ಗಾಜು, ಒಡೆದರೆ ಗುಡಿಸುವವನೂ ನಾನೇ. ಹಾಗಾಗಿ ಈ ಸಿಟ್ಟನ್ನು ಬರೆದೇ ತೀರಿಸಿಕೊಳ್ಳಬೇಕಾಗಿದೆ, ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ನಾವಿರುವುದು ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿ. ಹತ್ತು ವರ್ಷದ ಮಗಳು ಸಿರಿ ನಾಯಿ ಕೇಳಲಿಲ್ಲ, ಬೆಕ್ಕು ಕೇಳಲಿಲ್ಲ, ಹಾವು ಕೇಳಿದಳು. ಕಾರ್ನ್ ಸ್ನೇಕ್ ಅಂತೆ. ವಿಷವಿಲ್ಲ, ಗಲಾಟೆಯಿಲ್ಲ, ಅವಳ ಕ್ಲಾಸಿನ ಹುಡುಗಿಯೊಬ್ಬಳು ಮೊಲ ಸಾಕಿದಷ್ಟೇ ಸಲೀಸಾಗಿ ಸಾಕಿದ್ದಾಳಂತೆ. "ಮನೆಗೆ ಹಾವು ಬಂದ್ರೆ ಜನ ಓಡಿಸ್ತಾರೆ ಕಣ್ರೀ, ನೀವು ಕಾರಲ್ಲಿ ಕೂರಿಸ್ಕೊಂಡು ಬರ್ತೀರಾ?" ಎಂದು ಹೆಂಡತಿ ವಿದ್ಯಾ ಹಾರಾಡಿದಳು. ಕೊನೆಗೆ ಗೆದ್ದದ್ದು ಮಗಳು. ಪೆನ್ಸಿಲ್ ದಪ್ಪದ ಕೇಸರಿ ಬಣ್ಣದ ಮರಿಯೊಂದನ್ನು ಗೊತ್ತುಮಾಡಿದ್ದಾಯಿತು. ಫೋಟೋದಲ್ಲಿ ಸುರುಳಿ ಸುತ್ತಿ ಕೂತಿದ್ದರಿಂದ ಬರುವ ಮೊದಲೇ ಜಿಲೇಬಿ ಎಂದು ಹೆಸರೂ ಆಯಿತು.

ಅದಕ್ಕೊಂದು ಮನೆ ಬೇಕಲ್ಲ, ಅಂಗಡಿಗೆ ಹೋದೆವು. ಸಿರಿ ಒಂದು ಪುಟ್ಟ ಪೆಟ್ಟಿಗೆ ತೋರಿಸಿ, "ಸದ್ಯಕ್ಕೆ ಇದು ಸಾಕು, ಅಪ್ಪ" ಎಂದಳು. ಅಂಗಡಿಯವನೂ ತಲೆಯಾಡಿಸಿ, ದೊಡ್ಡದನ್ನು ಆಮೇಲೆ ತಗೊಳ್ಳಬಹುದು ಎಂದ. ಅಲ್ಲಿಗೆ ನನ್ನ ತಲೆ ಕೆಟ್ಟಿತು. ಒಂದೇ ಹಾವಿಗೆ ಎರಡು ಸಲ ಮನೆ ಮಾರುವ ಉಪಾಯ! ಯಾರ ಹತ್ತಿರ ಇವರ ಆಟ?

"ಬೆಳೆಯೋ ಹಾವು ಕಣೇ, ಸ್ವಲ್ಪ ದೊಡ್ಡದೇ ಇರ್ಲಿ," ಎಂದು ಅಲ್ಲಿದ್ದ ಅತಿ ದೊಡ್ಡ ಪೆಟ್ಟಿಗೆಗೆ ಕೈ ತೋರಿಸಿದೆ.

"ಟೆ ಖ್ರೋಟ್, ಅಪ್ಪ! ತುಂಬಾ ದೊಡ್ಡದು. ಇಟ್ ವಿಲ್ ಬಿ ಸ್ಕೇರ್ಡ್!"

ಯಾರು ಕೇಳುತ್ತಾರೆ? ನಾನು ಬೆಳೆದದ್ದೇ ಹಾಗೆ. ನನ್ನ ಸ್ಕೂಲಿನ ಚಡ್ಡಿ ಮೊಣಕಾಲು ದಾಟುತ್ತಿತ್ತು; ಶೂ ತುದಿಗೆ ಪೇಪರ್ ತುರುಕಿ ಹಾಕಿಕೊಳ್ಳಬೇಕಾಗಿತ್ತು. ಕೇಳಿದರೆ ಒಂದೇ ಉತ್ತರ, ಬೆಳೆಯೋ ಹುಡುಗ. ಶೂ ಕಾಲಿಗೆ ಸರಿಯಾಗುವ ಹೊತ್ತಿಗೆ ಅದರ ಅಟ್ಟೆ ಬಾಯಿಬಿಟ್ಟಿರುತ್ತಿತ್ತು. ಅಂದಂದಿನ ಅಳತೆಗೆ ಸರಿಯಾಗಿ ನಾನು ಬಾಲ್ಯದಲ್ಲಿ ತೊಟ್ಟದ್ದು ನನ್ನ ಚರ್ಮವೊಂದನ್ನೇ. ಆಗ ಹುಟ್ಟಿದ ಸಿಟ್ಟು ಈಗಲೂ ಇದೆ. ಆದರೂ ನೋಡಿ, ಅಂಗಡಿಯಲ್ಲಿ ನಿಂತಾಗ ನನ್ನ ಬಾಯಿಂದ ಅದೇ ಮಾತು ಬಂತು.

ಜಿಲೇಬಿ ಬಂತು. ಬಂದದ್ದೇ ಪೆಟ್ಟಿಗೆಯ ಮೂಲೆಗೆ ಒತ್ತಿಕೊಂಡು ಕೂತಿತು. ನಾಲ್ಕೂ ಕಡೆ ಗಾಜು, ನಡುವೆ ಬಟಾಬಯಲು, ಅಡಗಲು ಒಂದೇ ಒಂದು ಮರದ ತುಂಡು. ಸಿರಿ ಇಕ್ಕಳದಲ್ಲಿ ಪುಟ್ಟ ಇಲಿಮರಿ ಹಿಡಿದಳು. ಅದು ಮುಖ ತಿರುಗಿಸಿತು. ಮುಂದಿನ ವಾರವೂ ತಿನ್ನಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಫ್ರೀಜರ್‌ನಲ್ಲಿ ತೆಂಗಿನ ತುರಿಯ ಪಕ್ಕ ಸತ್ತ ಇಲಿ ಇಡಲು ವಿದ್ಯಾಳನ್ನು ಒಪ್ಪಿಸಲು ನಾನು ಪಟ್ಟ ಪಾಡು ನನಗೇ ಗೊತ್ತು, ಇದಕ್ಕೆ ನೋಡಿದರೆ ಊಟ ಬೇಡವಂತೆ! ಮೊದಲು ಹಾವಿನ ಮೇಲೆ ರೇಗಿದೆ. ಆಮೇಲೆ ಅದರ ಬೆನ್ನು ಸಣ್ಣಗಾಗುವುದು ಕಾಣಿಸಿತು. "ಅದು ಸತ್ತು ಹೋಗತ್ತಾ ಅಪ್ಪ?" ಎಂದು ಸಿರಿ ಕೇಳಿದಾಗ ರೇಗಲೂ ಆಗಲಿಲ್ಲ.

ನೂರ್ಡ್‌ವೈಕ್‌ನಲ್ಲಿ ಬಾಹ್ಯಾಕಾಶ ಸಂಶೋಧನೆ ಮಾಡುವ ಗೆಳೆಯ ಗುರುವಿಗೆ ಫೋನ್ ಮಾಡಿದೆ. ವಿಜ್ಞಾನಿ, ಏನಾದರೂ ಹೇಳಿಯಾನು ಎಂದು. "ಲೋ, ಒಂದು ಬಟ್ಟಲಲ್ಲಿ ಹಾಲು ಇಟ್ಟು ನೋಡೋ" ಎಂದ. ಉಪಗ್ರಹ ಹಾರಿಸುವ ತಲೆಯಿಂದ ಬಂದ ಸಲಹೆ ಇದು! "ಹಾವು ಹಾಲು ಕುಡಿಯಲ್ಲ ಕಣೋ ಮಂಗ!" ಎಂದು ಅರಚಿ ಫೋನ್ ಕುಕ್ಕಿದೆ.

ಅರಚಾಟ ಕೇಳಿ ಸಿರಿ ಎದ್ದಳು. ಅಡುಗೆಮನೆಗೆ ಹೋಗಿ ಅಮ್ಮನ ಚಕ್ಕುಲಿ ಡಬ್ಬ ಇಸಿದುಕೊಂಡಳು. ವಿದ್ಯಾ "ಇದು ವಾಪಸ್ ಅಡುಗೆಮನೆಗೆ ಬರ್ಕೂಡ್ದು" ಎಂದಳೇ ಹೊರತು ಇಲ್ಲ ಎನ್ನಲಿಲ್ಲ. ಮುಚ್ಚಳಕ್ಕೆ ತೂತು, ತಳಕ್ಕೆ ಮರದ ಹೊಟ್ಟು, ಒಂದು ಬದಿಯ ಕೆಳಗೆ ಬೆಚ್ಚಗಿನ ಮ್ಯಾಟ್, ಎರಡೂ ತುದಿಗೆ ಬೋರಲು ಹಾಕಿದ ಪುಟ್ಟ ಹೂಕುಂಡದ ಚೂರು. ಜಿಲೇಬಿಯನ್ನು ಬಿಟ್ಟದ್ದೇ ತಡ, ಕುಂಡದ ಚೂರಿನ ಕೆಳಗೆ ನುಗ್ಗಿ ಮಾಯವಾಯಿತು. ಹಾವು ಮುಂದಿನ ವರ್ಷದ ಪೊರೆಯನ್ನು ಈಗಲೇ ತೊಟ್ಟು ಎಳೆದಾಡುವುದಿಲ್ಲ. ಬಿಗಿಯಾದ ದಿನ ಹಳೆಯದನ್ನು ಕಳಚುತ್ತದೆ, ಅಷ್ಟೆ. ಇಷ್ಟು ಸರಳ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಮತ್ತೆ ಸಿಟ್ಟು ಬಂತು.

ಭಾನುವಾರ ಮಧ್ಯಾಹ್ನ ಸಿರಿ ಮತ್ತೆ ಇಲಿಮರಿ ಹಿಡಿದಳು. ಕುಂಡದ ಅಂಚಿನಿಂದ ಒಂದು ಕೇಸರಿ ಮೂತಿ ಇಣುಕಿತು. ನಾಲಗೆ ಆಡಿತು. ಚಕ್ಕನೆ ಹಾರಿ ಕಚ್ಚಿತು!

"ತಿಂತು, ತಿಂತು!" ಎಂದು ಬಾಗಿಲಲ್ಲಿ ನಿಂತಿದ್ದ ವಿದ್ಯಾಳೇ ಮೊದಲು ಕೂಗಿದಳು.

"ಸರಿ ಹಾಗಾದ್ರೆ, ಬೇಸಿಗೆ ಹೊತ್ತಿಗೆ ದೊಡ್ಡ ಪೆಟ್ಟಿಗೆಗೆ ಹಾಕ್ಬಹುದು, ಆಮೇಲೆ..." ಎಂದು ನಾನು ಶುರುಮಾಡಿದೆ.

"ಅಪ್ಪ, ಪ್ಲೀಸ್. ಇವತ್ತು ತಿಂದಿದೆ. ಇವತ್ತಿಗೆ ಖುಷಿ ಪಡಿ ಸಾಕು."

ಅವಳ ಪಕ್ಕ ನೆಲದ ಮೇಲೆ ಕೂತೆ. ಇಲಿಯ ಬಾಲ ನಿಧಾನವಾಗಿ ಒಳಗೆ ಹೋಗುತ್ತಿತ್ತು. ಸಿರಿ ಡಬ್ಬದಿಂದ ಕಣ್ಣು ತೆಗೆಯದೆ ನನ್ನ ಕಡೆ ವಾಲಿದಳು. ತೋಳು ಎತ್ತಿದೆ. ಅದರ ಕೆಳಗೆ ಅವಳು ಇನ್ನೂ ಅಳತೆಗೆ ಸರಿಯಾಗಿ ಕೂರುತ್ತಾಳೆ.